ಬೈತಖೋಲದ ಐಸ್ ಪ್ಲಾಂಟಿಗೆ ಹೊಸ ಮೆಟ್ಟಿಲು: ಉಪ್ಪುಗಾಳಿಯಲ್ಲಿ ಬಾಳುವ ಹಾಗೆ ಕಟ್ಟಿದ ಕಥೆ

ಕಾರವಾರದ ಬೈತಖೋಲ ಬಂದರಿನ ಹತ್ತಿರ ಒಂದು ಹಳೆ ಐಸ್ ಪ್ಲಾಂಟ್. ಕೆಳಗೆ ಕಂಪ್ರೆಸರ್ ರೂಮು, ತಾರಸಿ ಮೇಲೆ ಕಂಡೆನ್ಸರ್. ಬಿಸಿ ಅಮೋನಿಯಾ ಗ್ಯಾಸ್ ಕೆಳಗಿನಿಂದ ಬಂದು ಅಲ್ಲಿ ಸಾಲಾಗಿ ಜೋಡಿಸಿದ ಪೈಪುಗಳಲ್ಲಿ ಹರಿಯುತ್ತದೆ. ಪೈಪುಗಳ ಮೇಲೆ ಹಗಲು ರಾತ್ರಿ ನೀರು ಸುರಿಯುತ್ತಲೇ ಇರುತ್ತದೆ. ನೀರು ಅಲ್ಲೇ ಪಕ್ಕದ ಬೋರ್‌ವೆಲ್‌ನದು, ಬಾಯಿಗೆ ಹಾಕಿದರೆ ಉಪ್ಪು. ಅದು ಆವಿಯಾದ ಮೇಲೆ ಪೈಪಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದನ್ನು ಕೆರೆದು ತೆಗೆಯದಿದ್ದರೆ ಗ್ಯಾಸ್ ತಣ್ಣಗಾಗುವುದಿಲ್ಲ, ಪ್ರೆಷರ್ ಏರುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ. ಹಾಗಾಗಿ ಪ್ಲಾಂಟಿನ ಆಪರೇಟರ್ ದಿನಾ ಮೇಲೆ ಹತ್ತಲೇಬೇಕು. ಕೈಯಲ್ಲಿ ಪಾನಾ, ಬ್ರಶ್ಶು, ಕೆಲವೊಮ್ಮೆ ಗ್ರೀಸ್ ಡಬ್ಬಿ. ಕಾಲಲ್ಲಿ ರಬ್ಬರ್ ಚಪ್ಪಲಿ.

ಅವರು ಹತ್ತುತ್ತಿದ್ದದ್ದು ಗೋಡೆಗೆ ನೇರ ನಿಲ್ಲಿಸಿದ ಒಂದು ಕಬ್ಬಿಣದ ಏಣಿ. 50 ಎಂಎಂ ಆಂಗಲ್ (ಎಲ್ ಆಕಾರದ ಕಬ್ಬಿಣ) ಎರಡು, ನಡುವೆ 16 ಎಂಎಂ ಕಂಬಿಯ ಮೆಟ್ಟಿಲು, ಮೇಲೆ ರೆಡ್ ಆಕ್ಸೈಡ್ ಮತ್ತು ಸಿಲ್ವರ್ ಪೇಂಟ್. ಮಾಲೀಕರು ಫೋನ್ ಮಾಡಿ ಹೇಳಿದ್ದು ಇಷ್ಟೇ: "ಏಣಿ ಸ್ವಲ್ಪ ಅಲ್ಲಾಡ್ತದೆ, ಬಂದು ಎರಡು ವೆಲ್ಡಿಂಗ್ ಹೊಡೆದು ಹೋಗಿ."

ಹೋಗಿ ನೋಡಿದೆವು. ದೂರದಿಂದ ಏಣಿ ಚೆನ್ನಾಗಿಯೇ ಕಾಣುತ್ತಿತ್ತು. ಬುಡದಲ್ಲಿ ಆಂಗಲ್‌ಗಳನ್ನು ಸೀದಾ ಕಾಂಕ್ರೀಟಿನೊಳಗೆ ಹೂತಿದ್ದರು. ಕಾಂಕ್ರೀಟು ಅಲ್ಲಿ ಸ್ವಲ್ಪ ತಗ್ಗಾಗಿ ನೀರು ನಿಂತಿತ್ತು. ನೀರು ಒರೆಸಿ, ಆಂಗಲ್ ನೆಲ ಮುಟ್ಟುವ ಜಾಗಕ್ಕೆ ಚಿಪ್ಪಿಂಗ್ ಹ್ಯಾಮರಿನಿಂದ ಮೆಲ್ಲಗೆ ಬಡಿದೆ. ಸಿಲ್ವರ್ ಪೇಂಟ್ ಹಾಗೇ ಇತ್ತು. ಅದರ ಅಡಿಯಿಂದ ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಬಂತು. ಇನ್ನೆರಡು ಏಟಿಗೆ ಸುತ್ತಿಗೆಯ ಚೂಪು ತುದಿ ಆ ಕಡೆಗೆ ದಾಟಿತು. 6 ಎಂಎಂ ದಪ್ಪದ ಆಂಗಲ್‌ನಲ್ಲಿ ಉಳಿದಿದ್ದದ್ದು ಪೇಂಟ್ ಮತ್ತು ತುಕ್ಕು ಮಾತ್ರ. ಏಣಿ ನಿಂತಿದ್ದದ್ದು ಮೇಲಿನ ಎರಡು ಬೋಲ್ಟಿನ ದಯೆಯಿಂದ.

ಮಾಲೀಕರನ್ನು ಕರೆದು ಅದೇ ತೂತಿನಲ್ಲಿ ಅವರ ಬೆರಳು ಹಾಕಿಸಿದೆ. ವೆಲ್ಡಿಂಗ್ ಹೊಡೆಯಲು ಅಲ್ಲಿ ಕಬ್ಬಿಣವೇ ಇಲ್ಲ ಎಂದು ಆಮೇಲೆ ವಿವರಿಸಬೇಕಾಗಲಿಲ್ಲ.

ಆಪರೇಟರ್ ವಯಸ್ಸಿನಲ್ಲಿ ನನಗಿಂತ ಹಿರಿಯರು. ಏನು ಬೇಕು ಅಣ್ಣಾ ಎಂದು ಅವರನ್ನೇ ಕೇಳಿದೆ. "ಏಣಿ ಗಟ್ಟಿ ಇದ್ರೆ ಸಾಲ್ದು ಮಾರಾಯ. ಕೈಯಲ್ಲಿ ಪಾನಾ ಇರ್ತದೆ, ಒಂದೇ ಕೈಯಲ್ಲಿ ಹತ್ತೋದು. ಗ್ಯಾಸ್ ಬಿಟ್ರೆ ಇಳಿಯೋಕೆ ದಾರಿ ಇದೊಂದೇ" ಅಂದರು. ಡಿಸೈನಿಗೆ ಬೇಕಾದ ಎರಡೂ ಮುಖ್ಯ ವಿಷಯ ಅವರ ಮಾತಲ್ಲೇ ಬಂದುಬಿಟ್ಟಿತ್ತು.

ಏಣಿಯೋ, ಮೆಟ್ಟಿಲೋ

ಯಾವಾಗಲೋ ಒಮ್ಮೆ ಹತ್ತುವ ಜಾಗಕ್ಕೆ ಏಣಿ ಸಾಕು. ದಿನಾ ಸಾಮಾನು ಹಿಡಿದು ಹತ್ತುವ ಜಾಗಕ್ಕೆ ಮೆಟ್ಟಿಲೇ ಬೇಕು. ಯಂತ್ರಗಳ ಹತ್ತಿರ ಹೋಗುವ ದಾರಿ ಹೇಗಿರಬೇಕು ಅಂತ ಹೇಳುವ ಐಎಸ್‌ಒ 14122 ಕೂಡ ಮೆಟ್ಟಿಲಿಗೇ ಮೊದಲ ಮಣೆ ಹಾಕುತ್ತದೆ. ನಮ್ಮ ಕಡೆ ಎಷ್ಟೋ ಪ್ಲಾಂಟುಗಳಲ್ಲಿ ಜಾಗ ಇಲ್ಲ, ದುಡ್ಡು ಜಾಸ್ತಿ ಅಂತ ನೇರ ಏಣಿ ನಿಲ್ಲಿಸಿಬಿಡುತ್ತಾರೆ. ಒಂದೇ ಕೈಯಲ್ಲಿ ಏಣಿ ಹತ್ತುವುದು ಎಂದರೆ ಬೀಳುವುದನ್ನು ಮುಂದಕ್ಕೆ ಹಾಕುವುದು, ಅಷ್ಟೇ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯ 32ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತಿತ್ತು: ಕೆಲಸ ಮಾಡುವ ಪ್ರತಿ ಜಾಗಕ್ಕೂ ಸುರಕ್ಷಿತ ದಾರಿ ಇರಬೇಕು, ಎತ್ತರದಿಂದ ಬೀಳುವ ಭಯ ಇದ್ದಲ್ಲಿ ತಡೆ ಇರಬೇಕು.

ನೆಲದಿಂದ ತಾರಸಿಗೆ 5.4 ಮೀಟರ್. ಹಿಂಭಾಗದಲ್ಲಿ, ಅಂದರೆ ಪೂರ್ವದ ಗೋಡೆಯ ಪಕ್ಕ, ಹಳೆ ಐಸ್ ಕ್ಯಾನ್‌ಗಳನ್ನು ರಾಶಿ ಹಾಕಿದ್ದ ಜಾಗ ಇತ್ತು. ಅದನ್ನು ಖಾಲಿ ಮಾಡಿಸಿದೆವು. ಒಂದು ಮೆಟ್ಟಿಲಿನ ಎತ್ತರ 180 ಎಂಎಂ ಇಟ್ಟರೆ 30 ಏರು. ಕಾಲಿಡುವ ಅಗಲ 250. ಎರಡು ಏರು, ಒಂದು ಅಗಲ ಕೂಡಿಸಿದರೆ 610. ಈ ಮೊತ್ತ 600ರಿಂದ 660ರ ಒಳಗೆ ಇದ್ದರೆ ಕಾಲಿಗೆ ಸಲೀಸು. 15 ಏರಿಗೆ ಒಂದು ಲ್ಯಾಂಡಿಂಗ್, ಅಲ್ಲಿ ತಿರುಗಿ ಮತ್ತೆ 15. ಉದ್ದಕ್ಕೆ ನಾಲ್ಕೂವರೆ ಮೀಟರಿನೊಳಗೆ ಕೂತಿತು.

ಇನ್ನು ಎರಡನೇ ದಾರಿ. ಇದಕ್ಕೆ ಮಾಲೀಕರು ಸ್ವಲ್ಪ ಹಿಂದೇಟು ಹಾಕಿದರು. ಮೆಟ್ಟಿಲು ಇದ್ದ ಮೇಲೆ ಏಣಿ ಯಾಕೆ ಅಂತ. ಅಮೋನಿಯಾ ಗ್ಯಾಸ್ ಗಾಳಿಗಿಂತ ಹಗುರ. ಕಂಪ್ರೆಸರ್ ರೂಮಿನಲ್ಲಿ ಸೋರಿದರೆ ಅದು ಮೇಲೆ ಹೋಗುತ್ತದೆ, ಅಂದರೆ ತಾರಸಿ ಮೇಲೆ ಇರುವವರ ಕಡೆಗೇ. ಮಧ್ಯಾಹ್ನದ ಹೊತ್ತು ಇಲ್ಲಿ ಸಮುದ್ರದ ಕಡೆಯಿಂದ ಗಾಳಿ, ಮಳೆಗಾಲದಲ್ಲಂತೂ ನೈಋತ್ಯದಿಂದ ಜೋರು ಗಾಳಿ. ಗ್ಯಾಸ್ ಪೂರ್ವಕ್ಕೆ, ಮೆಟ್ಟಿಲಿನ ಕಡೆಗೆ ಹೋಗುತ್ತದೆ. ಆಗ ಇಳಿಯಬೇಕಾದ್ದು ಗಾಳಿ ಬರುವ ಕಡೆಗೆ. ಅದಕ್ಕೇ ಪಶ್ಚಿಮದ ಗೋಡೆಗೆ ಒಂದು ನೇರ ಏಣಿ ಬೇಕು ಎಂದು ಪಟ್ಟು ಹಿಡಿದೆವು. ಆಪರೇಟರ್ ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ನೋಡಿ ಮಾಲೀಕರು ಹೂಂ ಅಂದರು.

ತುಕ್ಕು ಎಲ್ಲಿ ಕೂರುತ್ತದೆ

ಕೆಲಸ ಶುರು ಮಾಡುವ ಮುಂಚೆ ಪ್ಲಾಂಟಿನ ಸುತ್ತ ಇರುವ ಎಲ್ಲ ಹಳೆ ಕಬ್ಬಿಣವನ್ನು ನೋಡುತ್ತ ಸುತ್ತಿದೆವು. ಯಾರಿಗಾದರೂ ಇಂಥ ಕೆಲಸ ಬಂದರೆ ಇದನ್ನು ಖಂಡಿತ ಮಾಡಿ. ಯಾವ ಪುಸ್ತಕಕ್ಕಿಂತ ಜಾಸ್ತಿ ಕಲಿಸುತ್ತದೆ.

ಸಮುದ್ರಕ್ಕೆ ಮುಖ ಮಾಡಿದ್ದೇ ಬೇಗ ಹಾಳಾಗುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ಅಲ್ವಾ? ಅಲ್ಲಿ ಕಂಡದ್ದು ಬೇರೆ. ಮಳೆ ನೇರವಾಗಿ ಬೀಳುವ ಮುಖಗಳು ಅಷ್ಟು ಕೆಟ್ಟಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಅವುಗಳ ಉಪ್ಪನ್ನು ತೊಳೆದುಬಿಡುತ್ತದೆ. ಶೀಟಿನ ಅಡಿ, ಬೀಮಿನ ಕೆಳಮುಖ, ಎರಡು ಆಂಗಲ್ ಬೆನ್ನಿಗೆ ಬೆನ್ನು ಕೊಟ್ಟ ಸಂದು, ಗೋಡೆಗೆ ಅಂಟಿಕೊಂಡ ಬ್ರಾಕೆಟ್ಟಿನ ಹಿಂಭಾಗ, ಇವೆಲ್ಲ ಪುಡಿಪುಡಿ. ಉಪ್ಪು ಬಂದು ಕೂರುತ್ತದೆ, ತೊಳೆಯುವವರು ಇಲ್ಲ. ಉಪ್ಪು ಗಾಳಿಯ ತೇವ ಎಳೆದುಕೊಂಡು ತಾನೂ ಒದ್ದೆಯಾಗಿ, ಕಬ್ಬಿಣವನ್ನೂ ಒದ್ದೆಯಾಗಿಡುತ್ತದೆ. ನವೆಂಬರ್‌ನಿಂದ ಮೇವರೆಗೆ, ನಮಗೆ ಒಣಗಿದ ದಿನಗಳು ಅನ್ನಿಸುವಾಗಲೇ, ಅಲ್ಲಿ ಒಳಗೊಳಗೇ ತಿನ್ನುತ್ತಿರುತ್ತದೆ.

ಅಲ್ಲೇ ನಮ್ಮ ನಿಯಮ ಗಟ್ಟಿಯಾಯಿತು. ಕಣ್ಣಿಗೆ ಕಾಣದ, ಕೈಗೆ ಸಿಗದ, ನೀರು ಹೊಡೆದು ತೊಳೆಯಲಾಗದ ಒಂದು ಜಾಗವೂ ಹೊಸ ಮೆಟ್ಟಿಲಿನಲ್ಲಿ ಇರಬಾರದು. ಆಮೇಲಿನ ಎಲ್ಲ ತೀರ್ಮಾನಗಳೂ ಇದರಿಂದಲೇ ಬಂದವು.

ಉದಾಹರಣೆಗೆ, ಚೌಕ ಪೈಪು ಬೇಡ ಅಂತ ಬಿಟ್ಟೆವು. ನೋಡಲು ಚೆಂದ, ಪೇಂಟ್ ಮಾಡಲು ಸುಲಭ, ಆದರೆ ಒಳಗೆ ಏನಾಗುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಮೆಟ್ಟಿಲಿನ ಎರಡೂ ಪಕ್ಕಕ್ಕೆ 150 ಎಂಎಂ ಚಾನಲ್ (ಸಿ ಆಕಾರದ ಕಬ್ಬಿಣ), ಅದರ ತೆರೆದ ಮುಖ ಹೊರಕ್ಕೆ. ಆಂಗಲ್ ಅಡ್ಡ ಬರುವಲ್ಲೆಲ್ಲ ಮೂಲೆ ಮೇಲಕ್ಕೆ, ಬಾಯಿ ಕೆಳಕ್ಕೆ, ನೀರು ನಿಲ್ಲದ ಹಾಗೆ. ಬೆನ್ನಿಗೆ ಬೆನ್ನು ಜೋಡಿಸಿದ ಆಂಗಲ್ ಎಲ್ಲೂ ಇಲ್ಲ. ವೆಲ್ಡಿಂಗ್ ಬಿಟ್ಟು ಬಿಟ್ಟು ಹೊಡೆಯುವಂತಿಲ್ಲ, ಸುತ್ತಲೂ ಪೂರ್ತಿ ಹೊಡೆಯಬೇಕು. ಹರಿತ ಅಂಚುಗಳನ್ನೆಲ್ಲ ಗ್ರೈಂಡರ್ ಹಿಡಿದು 2 ಎಂಎಂ ಗುಂಡಗೆ ಮಾಡಿದೆವು. ಪೇಂಟ್ ಹರಿತ ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ, ತುಕ್ಕು ಅಲ್ಲಿಂದಲೇ ಒಳಗೆ ನುಗ್ಗುತ್ತದೆ. ಇದು ಬೇಸರದ ಕೆಲಸ. ನಮ್ಮ ಹುಡುಗರು ಗೊಣಗುತ್ತಲೇ ಮಾಡಿದರು, ಆದರೆ ಬೆರಳು ಸವರಿ ನೋಡಿ ಮಾಡಿದರು.

ಬುಡದ ಕಾಂಕ್ರೀಟು

2024ರ ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಕುಸಿದ ಮೇಲೆ ನಮ್ಮೂರಿನ ಜನ ಹಳೆ ಕಾಂಕ್ರೀಟನ್ನು ನೋಡುವ ಕಣ್ಣೇ ಬದಲಾಗಿದೆ. ನಾವೂ ತಾರಸಿಯ ಅಂಚನ್ನು ಉದ್ದಕ್ಕೂ ಸುತ್ತಿಗೆಯಿಂದ ಬಡಿದು ಕೇಳಿದೆವು. ಗಟ್ಟಿ ಕಾಂಕ್ರೀಟು ಟಣ್ ಅನ್ನುತ್ತದೆ. ಒಳಗೆ ಕಂಬಿ ತುಕ್ಕು ಹಿಡಿದಲ್ಲಿ ಪೊಳ್ಳು ಸದ್ದು. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಕೇಳುತ್ತದೆ, ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಪೂರ್ವದ ಅಂಚಿನಲ್ಲಿ ಅರ್ಧಕ್ಕರ್ಧ ಪೊಳ್ಳು. ಅದಕ್ಕೆ ಮೆಟ್ಟಿಲಿನ ಭಾರ ಹಾಕುವ ಮಾತೇ ಇಲ್ಲ. ಮೆಟ್ಟಿಲು ತನ್ನದೇ ಕಂಬಗಳ ಮೇಲೆ ನಿಲ್ಲಲಿ, ಕಟ್ಟಡಕ್ಕೆ ಬರೀ ಅಲ್ಲಾಡದಂತೆ ಹಿಡಿಯುವ ಎರಡು ಟೈ ಇರಲಿ, ಅದೂ ಗಟ್ಟಿ ಸದ್ದು ಬಂದ ಬೀಮಿಗೆ ಮಾತ್ರ ಅಂತ ತೀರ್ಮಾನ ಮಾಡಿದೆವು.

ಕಂಬದ ಬುಡಕ್ಕೆ ಎಂ35 ದರ್ಜೆಯ ಕಾಂಕ್ರೀಟು, ಕಂಬಿಗೆ 50 ಎಂಎಂ ಕವರ್, ಅಂದರೆ ಕಂಬಿಯ ಹೊರಗೆ ಅಷ್ಟು ಕಾಂಕ್ರೀಟು. ಕಾಂಕ್ರೀಟಿನ ಭಾರತೀಯ ಕೋಡ್ ಐಎಸ್ 456ರಲ್ಲಿ ಸಮುದ್ರದ ತುಂತುರು ಬೀಳುವ ಜಾಗಕ್ಕೆ ಹೇಳಿದ್ದು ಇದೇ. ಮೇಸ್ತ್ರಿ ಮೊದಲು ಕೇಳಿದ್ದು, "ನೀರು ಇಲ್ಲಿದೇ ಬೋರಿಂದು ಹಾಕ್ಲಾ?" ಬೇಡವೇ ಬೇಡ. ಆ ನೀರಲ್ಲಿ ಕಲಸಿದರೆ ಉಪ್ಪನ್ನು ನಾವೇ ಕೈಯಾರೆ ಕಂಬಿಯ ಮೈಗೆ ಹಚ್ಚಿದ ಹಾಗೆ. ಕಂಬಿ ಇರುವ ಕಾಂಕ್ರೀಟಿಗೆ ಕಲಸುವ ನೀರಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಅಂತ ಅದೇ ಕೋಡ್ ಹೇಳುತ್ತದೆ. ಕಲಸಲಿಕ್ಕೂ, ಕ್ಯೂರಿಂಗಿಗೂ ಟ್ಯಾಂಕರಿನಲ್ಲಿ ಸಿಹಿನೀರು ತರಿಸಿದೆವು. ಗೋಣಿಚೀಲ ಸುತ್ತಿ ಅದರ ಮೇಲೆ ನೀರು ಬಿಟ್ಟೆವು.

ಬುಡದ ಕಟ್ಟೆ ನೆಲದಿಂದ 200 ಎಂಎಂ ಮೇಲೆ, ತಲೆ ನಾಲ್ಕೂ ಕಡೆಗೆ ಇಳಿಜಾರು. ಬೋಲ್ಟುಗಳನ್ನು ಪ್ಲೈವುಡ್ ಟೆಂಪ್ಲೇಟಿನಲ್ಲಿ ಹಿಡಿದು ಕಾಂಕ್ರೀಟ್ ಹಾಕುವಾಗಲೇ ಕೂರಿಸಿದೆವು. ಹಳೆ ಏಣಿಯ ಹಾಗೆ ಕಬ್ಬಿಣ ಕಾಂಕ್ರೀಟಿನೊಳಗೆ ಇಳಿಯುವುದಿಲ್ಲ. ಬೇಸ್ ಪ್ಲೇಟ್ ಮೇಲೆಯೇ ಕೂರುತ್ತದೆ, ಅದರ ಅಡಿಗೆ 30 ಎಂಎಂ ಗ್ರೌಟ್ (ಸಂದಿಗೆ ತುಂಬುವ ಗಾರೆ) ತುಂಬಿ ಅಂಚನ್ನು ಓರೆಯಾಗಿ ಕಡಿದೆವು. ಮಳೆ ನಿಂತ ಮೇಲೆ ಅಲ್ಲಿ ಕೈ ಇಟ್ಟರೆ ಒಣಗಿರಬೇಕು, ಅದೇ ಪರೀಕ್ಷೆ.

ಬೀಮಿನ ಟೈಗಳಿಗೂ ಪಶ್ಚಿಮದ ಏಣಿಯ ಬ್ರಾಕೆಟ್ಟುಗಳಿಗೂ ಕೆಮಿಕಲ್ ಆಂಕರ್, ಅಂದರೆ ತೂತಿನಲ್ಲಿ ಅಂಟು ತುಂಬಿ ಕೂರಿಸುವ ರಾಡ್. ಹಿಗ್ಗಿ ಹಿಡಿಯುವ ಫಾಸ್ನರ್ ಹಳೆ ಕಾಂಕ್ರೀಟಿನ ಅಂಚನ್ನು ಸೀಳುತ್ತದೆ, ಅದು ಬೇಡ. 16 ಎಂಎಂ ರಾಡಿಗೆ 18 ಎಂಎಂ ತೂತು, 125 ಎಂಎಂ ಆಳ. ತೂತು ಕೊರೆದ ಮೇಲೆ ಪಂಪಿನಿಂದ ಊದಬೇಕು, ತಂತಿ ಬ್ರಶ್ ಹಾಕಿ ಉಜ್ಜಬೇಕು, ಮತ್ತೆ ಊದಬೇಕು. ಬರೀ ಬಾಯಲ್ಲಿ ಊದಿ ಅಂಟು ತುಂಬಿದರೆ ಅದು ಕಾಂಕ್ರೀಟಿಗೆ ಹಿಡಿಯುವುದಿಲ್ಲ, ಧೂಳಿಗೆ ಹಿಡಿಯುತ್ತದೆ. ಇದನ್ನೆಲ್ಲ ಮೇ ಒಳಗೆ, ಗೋಡೆ ಒಣಗಿರುವಾಗಲೇ ಮುಗಿಸಿದೆವು. ರಾಡ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು. 316ರಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ, ಉಪ್ಪಿನ ಎದುರು ನಿಲ್ಲುವುದು ಅದರ ಬಲದಿಂದ. 304 ಈ ಗಾಳಿಗೆ ಕಂದು ಕಲೆ ಬಿದ್ದು ಆಮೇಲೆ ಸಣ್ಣ ಸಣ್ಣ ಗುಂಡಿ ಬೀಳುತ್ತದೆ. 202 ಅಂತೂ ಮನೆ ಗೇಟಿಗೂ ಸಾಲದು. ಅಯಸ್ಕಾಂತ ಹಿಡಿದು 304, 316 ಬೇರೆ ಮಾಡಲು ಆಗುವುದಿಲ್ಲ. ಮಾಲಿಬ್ಡಿನಂ ಇದ್ದರೆ ಬಣ್ಣ ಬದಲಾಗುವ ಟೆಸ್ಟ್ ದ್ರಾವಣ ಸಿಗುತ್ತದೆ. ಒಂದು ಹನಿ ಬಿಟ್ಟು, ಬ್ಯಾಟರಿ ತಾಗಿಸಿ ನೋಡಿಯೇ ರಾಡ್ ತೆಗೆದುಕೊಂಡೆವು.

ಹಾಟ್ ಡಿಪ್

ಬರೀ ಪೇಂಟ್ ನಂಬಿ ಕಟ್ಟುವ ಜಾಗ ಇದಲ್ಲ. ಗಾಳಿಯ ತಿನ್ನುವ ಶಕ್ತಿಯನ್ನು ಐಎಸ್‌ಒ 9223 ದರ್ಜೆ ಮಾಡಿ ಇಟ್ಟಿದೆ. ಸಮುದ್ರದ ದಡದ ಜಾಗಗಳು ಸಾಮಾನ್ಯವಾಗಿ ಬೀಳುವ ಸಿ5 ದರ್ಜೆಯಲ್ಲಿ ಬರಿ ಕಬ್ಬಿಣ ಮೊದಲ ವರ್ಷದಲ್ಲಿ 80ರಿಂದ 200 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಎಂಎಂ) ಸವೆಯುತ್ತದೆ. ಜಿಂಕ್ ಸವೆಯುವುದು 4.2ರಿಂದ 8.4 ಮೈಕ್ರಾನ್. ವ್ಯತ್ಯಾಸ ಎಷ್ಟು ನೋಡಿ. 6 ಎಂಎಂಗಿಂತ ದಪ್ಪದ ಕಬ್ಬಿಣವನ್ನು ಕರಗಿದ ಜಿಂಕಿನಲ್ಲಿ ಅದ್ದಿದರೆ (ಇದೇ ಹಾಟ್ ಡಿಪ್) ಸರಾಸರಿ 85 ಮೈಕ್ರಾನ್ ಪದರ ಕೂರಬೇಕು. ವರ್ಷಕ್ಕೆ 6 ಅಂತ ಲೆಕ್ಕ ಹಿಡಿದರೂ ಹದಿನಾಲ್ಕು ವರ್ಷ. ಅಂಗಡಿಯಲ್ಲಿ ಹೊಳೆಯುತ್ತ ಕೂತಿರುವ "ಜಿಐ" ಬೋಲ್ಟುಗಳಲ್ಲಿ ಬಹಳಷ್ಟು ಕರೆಂಟಿನಲ್ಲಿ ಲೇಪ ಕೊಟ್ಟವು. ಅವುಗಳ ಮೇಲೆ ಇರುವುದು ಹತ್ತು ಮೈಕ್ರಾನಿನ ಆಸುಪಾಸು. ಒಂದು ಮಳೆಗಾಲ ಕಳೆದರೆ ಕೆಂಪಗೆ. ಹಾಗಾಗಿ ಮೆಟ್ಟಿಲೂ ಹಾಟ್ ಡಿಪ್, ಬೋಲ್ಟೂ ಹಾಟ್ ಡಿಪ್, ವಾಷರೂ ಹಾಟ್ ಡಿಪ್.

ಹಾಟ್ ಡಿಪ್ ಮಾಡುವುದಾದರೆ ಸೈಟಿನಲ್ಲಿ ವೆಲ್ಡಿಂಗ್ ಮಾಡುವಂತಿಲ್ಲ. ವೆಲ್ಡಿಂಗ್ ಹೊಡೆದ ಕಡೆ ಜಿಂಕ್ ಸುಟ್ಟು ಹೋಗುತ್ತದೆ, ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ. ಎಲ್ಲವನ್ನೂ ನಮ್ಮ ಶೆಡ್ಡಿನಲ್ಲೇ ತುಂಡು ತುಂಡಾಗಿ ಮಾಡಿ, ತೂತು ಕೊರೆದು, ಒಮ್ಮೆ ಪೂರ್ತಿ ಜೋಡಿಸಿ ನೋಡಿ, ನಂಬರ್ ಪಂಚ್ ಹೊಡೆದು ಬಿಚ್ಚಿದೆವು. ಪೇಂಟಿನಲ್ಲಿ ನಂಬರ್ ಬರೆದರೆ ಆಸಿಡ್ ತೊಟ್ಟಿಯಲ್ಲಿ ಅಳಿಸಿ ಹೋಗುತ್ತದೆ. ಅಳಿಯದಿದ್ದರೆ ಇನ್ನೂ ಕಷ್ಟ, ಅಲ್ಲಿ ಜಿಂಕ್ ಹಿಡಿಯುವುದಿಲ್ಲ. ವೆಲ್ಡಿಂಗ್ ಮೇಲೆ ಕಟ್ಟುವ ಕಿಟ್ಟದ, ಅಂದರೆ ಸ್ಲ್ಯಾಗಿನ ಕಥೆಯೂ ಅದೇ. ಒಂದು ಚೂರು ಉಳಿದರೂ ಅಲ್ಲಿ ಕಪ್ಪು ಬೋಳು. ರೇಲಿಂಗಿನ ಪೈಪ್ ಮಾತ್ರ ಅನಿವಾರ್ಯವಾಗಿ ಪೊಳ್ಳು. ಅದರ ಎರಡೂ ತುದಿಗೆ ಗಾಳಿ ಹೋಗುವ, ಜಿಂಕ್ ಹರಿಯುವ ತೂತು ಕೊಟ್ಟೆವು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಜಿಂಕ್ ತೊಟ್ಟಿ ಸುಮಾರು 450 ಡಿಗ್ರಿ. ಮುಚ್ಚಿದ ಪೈಪಿನೊಳಗೆ ಸ್ವಲ್ಪ ನೀರು ಇದ್ದರೂ ಆವಿಯಾಗಿ ಪೈಪ್ ಸಿಡಿಯುತ್ತದೆ, ತೊಟ್ಟಿಯ ಹತ್ತಿರ ನಿಂತವರ ಜೀವಕ್ಕೇ ಕುತ್ತು. ತೂತುಗಳನ್ನು ಕೆಳಮುಖದಲ್ಲೇ ಇಟ್ಟೆವು, ಮುಂದೆ ಒಳಗಿನ ನೀರು ಇಳಿಯಲೂ ಅವೇ ಬೇಕು.

ಲಾರಿ ಅರಬೈಲ್ ಘಟ್ಟ ಹತ್ತಿ ಹೋಗಿ ಮಾಲು ಅದ್ದಿಸಿಕೊಂಡು ಬಂತು. ಇಳಿಸುವಾಗಲೇ ಗೇಜ್ ಹಿಡಿದು ಪ್ರತಿ ತುಂಡಿಗೂ ಹಲವು ಕಡೆ ಅಳೆದೆವು. ಚಾನಲ್‌ನಲ್ಲಿ 90ರಿಂದ 110 ಮೈಕ್ರಾನ್. ಕೆಲವು ತುಂಡು ಹೊಳಪಿಲ್ಲದೆ ಬೂದು ಬಣ್ಣಕ್ಕಿದ್ದವು. ಮಾಲೀಕರಿಗೆ ಅದು ಕಳಪೆ ಅನ್ನಿಸಿತು. ಅಲ್ಲ, ಕಬ್ಬಿಣದಲ್ಲಿ ಸಿಲಿಕಾನ್ ಜಾಸ್ತಿ ಇದ್ದರೆ ಹಾಗಾಗುತ್ತದೆ, ಅಲ್ಲಿ ಪದರ ಇನ್ನೂ ದಪ್ಪವೇ ಇರುತ್ತದೆ.

ಮೇ ಕೊನೆಯ ಗುಡುಗು ಮಳೆ ಶುರುವಾಗಿತ್ತು. ಹೊಸ ಜಿಂಕ್ ತುಂಡುಗಳನ್ನು ಒಂದರ ಮೇಲೊಂದು ಒತ್ತಿ ಇಟ್ಟು ನಡುವೆ ನೀರು ನಿಂತರೆ ಬಿಳಿ ಪುಡಿ ಏಳುತ್ತದೆ, ಪದರವೇ ಹಾಳು. ನಡುವೆ ಮರದ ರೀಪು ಕೊಟ್ಟು, ಓರೆಯಾಗಿ ಒರಗಿಸಿ, ಮೇಲೆ ಟಾರ್ಪಾಲು ಕಟ್ಟಿ, ಪಕ್ಕಕ್ಕೆ ಗಾಳಿ ಬಿಟ್ಟು ಇಟ್ಟೆವು.

ಜಿಂಕಿನ ಮೇಲೆ ಪೇಂಟೂ ಕೊಟ್ಟೆವು, ಕಂಡೆನ್ಸರ್ ನೀರು ಸಿಡಿಯುವ ಭಾಗಕ್ಕೆ ಮಾತ್ರ. ಜಿಂಕ್ ಮೇಲೆ ಸಾಮಾನ್ಯ ಆಯಿಲ್ ಪೇಂಟ್ ಹೊಡೆದರೆ ಕೆಲವೇ ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಪೇಂಟಿನ ಎಣ್ಣೆ ಜಿಂಕಿನ ಜೊತೆ ಸೇರಿ ಅಡಿಯಲ್ಲಿ ಸಾಬೂನಿನಂಥ ಪದರ ಆಗುವುದೇ ಕಾರಣ. ಮೈ ಒರಟು ಮಾಡಿ, ಸಿಹಿನೀರಲ್ಲಿ ತೊಳೆದು ಒಣಗಿಸಿ, ಗ್ಯಾಲ್ವನೈಸಿಂಗಿಗೆ ಹೊಂದುವ ಎಪಾಕ್ಸಿ, ಅದರ ಮೇಲೆ ಬಿಸಿಲು ತಡೆಯುವ ಪಾಲಿಯುರೆಥೇನ್ ಹಾಕಿದೆವು.

ಮಳೆಯಲ್ಲಿ ಜೋಡಣೆ

ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧ. ಬೋಟುಗಳು ದಡದಲ್ಲಿ, ಐಸಿಗೆ ಗಿರಾಕಿ ಇಲ್ಲ. ಕಂಡೆನ್ಸರ್ ನಿಲ್ಲಿಸಿ ಅದರ ಪಕ್ಕ ಕೆಲಸ ಮಾಡಲು ಆ ಹೊತ್ತು ಮಾತ್ರ ಸಿಗುತ್ತದೆ. ಆದರೆ ಅದೇ ಹೊತ್ತಿಗೆ ಮಳೆ. ಸೈಟ್ ವೆಲ್ಡಿಂಗ್ ಇದ್ದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಎಲ್ಲ ಬೋಲ್ಟಿನ ಕೆಲಸವಾದ್ದರಿಂದ ಮಳೆ ಕಡಿಮೆಯಾದಾಗ ಎತ್ತುವುದು, ಜೋರಾದಾಗ ಕೆಳಗೆ ಕೂತು ಚಹಾ. ತುಂಡುಗಳ ಮೇಲಿನ ನಂಬರ್ ನೋಡಿಕೊಂಡು ಸರಾಗ ಕೂರಿಸಿದೆವು. ಗಾಳಿ ಜೋರಾಗಿದ್ದಾಗ ಮಾತ್ರ ಏನನ್ನೂ ಎತ್ತಲಿಲ್ಲ.

ಕಾಲಿಡುವ ಮೆಟ್ಟಿಲಿಗೂ, ಕಂಡೆನ್ಸರ್ ಸುತ್ತಿನ ಅಟ್ಟಕ್ಕೂ ಫೈಬರ್ ಗ್ರೇಟಿಂಗ್ (ಕಿಂಡಿಗಳಿರುವ ಜಾಲರಿ) ಹಾಕಿದೆವು. 38 ಎಂಎಂ ದಪ್ಪದ್ದು, ಮೇಲೆ ಮರಳಿನ ಹರಳು ಅಂಟಿಸಿದ್ದು. ಕಬ್ಬಿಣದ ಚೆಕರ್ ಪ್ಲೇಟ್ ಇಲ್ಲಿ ಹಾಕಲೇಬಾರದು. ನೀರು ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ, ಅಡಿಯಲ್ಲಿ ಏನಾಗಿದೆ ಅಂತ ಕಾಣುವುದಿಲ್ಲ. ಗ್ರೇಟಿಂಗ್ ಆದರೆ ಮೇಲಿನಿಂದ ನೋಡಿದರೇ ಅಡಿಯ ಬೀಮು ಕಾಣುತ್ತದೆ, ಮೇಲಿನಿಂದಲೇ ಪೈಪ್ ಹಿಡಿದು ತೊಳೆಯಬಹುದು. ಫೈಬರ್ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಕಬ್ಬಿಣಕ್ಕಿಂತ ಜಾಸ್ತಿ ಬಗ್ಗುತ್ತದೆ. ಮುರಿಯದಿದ್ದರೂ ಕಾಲಡಿ ಬಗ್ಗಿದರೆ ಮನುಷ್ಯ ಹೆದರುತ್ತಾನೆ. ಅದಕ್ಕೆ ಆಸರೆಗಳ ನಡುವಿನ ದೂರ 750 ಎಂಎಂ ದಾಟಿಸಲಿಲ್ಲ. ಕತ್ತರಿಸಿದ ಪ್ರತಿ ಅಂಚಿಗೂ ರೆಸಿನ್ ಬಳಿದೆವು, ಇಲ್ಲದಿದ್ದರೆ ನಾರಿನ ಗುಂಟ ನೀರು ಒಳಗೆ ಹೋಗುತ್ತದೆ. ಕತ್ತರಿಸುವಾಗ ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇ ಬೇಕು. ಆ ಧೂಳು ಮೈಗೆ ತಾಗಿದರೆ ರಾತ್ರಿಯಿಡೀ ತುರಿಕೆ.

ಗ್ರೇಟಿಂಗ್ ಹಿಡಿಯುವ ಕ್ಲಿಪ್ 316 ಸ್ಟೀಲು, ಅಡಿಯ ಬೀಮು ಜಿಂಕ್. ಬೇರೆ ಬೇರೆ ಲೋಹ ಉಪ್ಪುನೀರಿನಲ್ಲಿ ತಾಗಿಕೊಂಡರೆ ಕಡಿಮೆ ಜಾತಿಯದು ಕರಗುತ್ತದೆ, ಇಲ್ಲಿ ಅದು ಜಿಂಕ್. ಸ್ಟೀಲು ಚಿಕ್ಕದು, ಜಿಂಕಿನ ಮೈ ದೊಡ್ಡದು ಆದ್ದರಿಂದ ಅಪಾಯ ಕಡಿಮೆ. ಆದರೂ ಪ್ರತಿ ಕ್ಲಿಪ್ಪಿನ ಅಡಿಗೆ ನೈಲಾನ್ ವಾಷರ್ ಕೊಟ್ಟೆವು. ಗೋಡೆಯ ಆಂಕರ್ ರಾಡಿಗೆ ನೈಲಾನ್ ಬುಶ್ ಕೂಡ. ಒಂದು ವಾಷರಿನ ದುಡ್ಡು ಎಷ್ಟು ಮಹಾ?

ರೇಲಿಂಗ್ 1100 ಎಂಎಂ ಎತ್ತರ, ನಡುವೆ ಒಂದು ಅಡ್ಡ ಪೈಪ್, ಅಟ್ಟದ ಅಂಚಿಗೆ 100 ಎಂಎಂ ತಡೆಪಟ್ಟಿ. ಈ ಪಟ್ಟಿ ಕಾಲಿಗಲ್ಲ, ಕೆಳಗೆ ಐಸ್ ತುಂಬುವವರ ತಲೆಗೆ. ಪಾನಾ ಉರುಳಿ ಬೀಳಬಾರದಲ್ಲ. ಆಪರೇಟರ್ ಹೇಳಿದ್ದಕ್ಕೆ ರೇಲಿಂಗಿಗೆ ಸಾಮಾನು ಇಡುವ ಒಂದು ಬುಟ್ಟಿಯನ್ನೂ, ಕೆಳಗಿನಿಂದ ಎಳೆದುಕೊಳ್ಳಲು ಹಗ್ಗದ ರಾಟೆಯನ್ನೂ ಸೇರಿಸಿದೆವು. ಈಗ ಎರಡೂ ಕೈ ಖಾಲಿ.

ಪಶ್ಚಿಮದ ಏಣಿಯಲ್ಲಿ ಮೆಟ್ಟಿಲುಗಳ ಅಂತರ 280 ಎಂಎಂ, ಹಲ್ಲುಹಲ್ಲಾದ ಪಟ್ಟಿಯ ಮೆಟ್ಟಿಲು, ಗೋಡೆಗೂ ಮೆಟ್ಟಿಲಿಗೂ ನಡುವೆ 200 ಎಂಎಂ ಜಾಗ. ಹಳೆಯದರಲ್ಲಿ ಹೆಬ್ಬೆರಳು ಮಾತ್ರ ಹೋಗುತ್ತಿತ್ತು. ಇಲ್ಲಿ ಅರ್ಧ ಪಾದ ಇಟ್ಟು ನಿಲ್ಲಬಹುದು. ಹಿಂಭಾಗಕ್ಕೆ ಬ್ರಶ್ಶೂ ಹೋಗುತ್ತದೆ. ಪಕ್ಕದ ಪಟ್ಟಿಗಳು ತಾರಸಿಯಿಂದ 1100 ಎಂಎಂ ಮೇಲಕ್ಕೆ ಹೋಗುತ್ತವೆ, ಇಳಿಯಲು ತಿರುಗುವಾಗ ಹಿಡಿದುಕೊಳ್ಳಲು. ಅಲ್ಲಿ ತಾನಾಗಿ ಮುಚ್ಚಿಕೊಳ್ಳುವ ಗೇಟು. ಬುಡ ನೆಲ ಮುಟ್ಟುವುದೇ ಇಲ್ಲ. ಏಣಿ ಗೋಡೆಯ ಬ್ರಾಕೆಟ್ಟುಗಳಿಂದ ನೇತಾಡುತ್ತದೆ.

ಏಣಿಗೆ ಪಂಜರ ಹಾಕಿ ಅಂತ ಹಲವರು ಹೇಳಿದರು. ನಾನು ಒಪ್ಪಲಿಲ್ಲ. ಪಂಜರ ಧೈರ್ಯ ಕೊಡುತ್ತದೆ, ಬೀಳುವವನನ್ನು ಹಿಡಿಯುವುದಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 2018ರ ನವೆಂಬರ್‌ನಿಂದ 24 ಅಡಿ ಮೀರಿದ ಹೊಸ ಏಣಿಗಳಿಗೆ ಪಂಜರ ಸಾಲದು, ಬೀಳುವಾಗ ಹಿಡಿಯುವ ವ್ಯವಸ್ಥೆ ಬೇಕು ಅಂತ ಮಾಡಿದ್ದು ಇದಕ್ಕೇ. ನಮ್ಮದು ಅಷ್ಟು ಎತ್ತರ ಇಲ್ಲದಿದ್ದರೂ ನಡುವೆ 8 ಎಂಎಂ ಸ್ಟೀಲ್ ವೈರ್ ರೋಪ್ ಎಳೆದು, ಅದರ ಮೇಲೆ ಜಾರುವ ಲಾಕ್ ಕೊಟ್ಟೆವು. ಸೊಂಟದ ಬೆಲ್ಟಲ್ಲ, ಪೂರ್ತಿ ಮೈಗೆ ಹಾಕುವ ಹಾರ್ನೆಸ್. ಅದು ತಾರಸಿಯ ಮೇಲೆ ಏಣಿಯ ಪಕ್ಕದ ಮುಚ್ಚಿದ ಪೆಟ್ಟಿಗೆಯಲ್ಲಿದೆ. ಬಿಸಿಲಿಗೆ ನೇತುಹಾಕಿದರೆ ಅದರ ಪಟ್ಟಿ ಸೊರಗುತ್ತದೆ. ಗ್ಯಾಸ್ ಬಿಟ್ಟ ಗಡಿಬಿಡಿಯಲ್ಲಿ ಹಾರ್ನೆಸ್ ಹಾಕಿಕೊಳ್ಳಲು ಪುರುಸೊತ್ತು ಇರುವುದಿಲ್ಲ ಅನ್ನುವುದೂ ನಿಜ. ಅದಕ್ಕೇ ಕಾಲಿಡುವ ಜಾಗ, ಕೈ ಹಿಡಿಯುವ ಜಾಗಕ್ಕೆ ಅಷ್ಟು ಗಮನ ಕೊಟ್ಟದ್ದು. ಹಾರ್ನೆಸ್ ಇಲ್ಲದೆಯೂ ಇಳಿಯಲು ಬರುವಂತಿರಬೇಕು.

ಭಾರದ ಪರೀಕ್ಷೆಗೆ ಮರಳು ಚೀಲಗಳನ್ನು ಬಳಸಿದೆವು. ಅಟ್ಟಕ್ಕೆ ಪ್ರತಿ ಚದರ ಮೀಟರಿಗೆ 200 ಕಿಲೋ, ಒಂದು ಮೆಟ್ಟಿಲಿನ ನಡುಮಧ್ಯಕ್ಕೆ 150 ಕಿಲೋ. ಅಡಿಯಲ್ಲಿ ದಾರ ಎಳೆದು ಬಾಗುವುದನ್ನು ನೋಡಿದೆವು. ಚೀಲ ತೆಗೆದ ಮೇಲೆ ದಾರ ಮತ್ತೆ ಮೊದಲಿನ ಜಾಗಕ್ಕೇ ಬಂತು. ಪ್ರತಿ ನಟ್ಟಿನ ಮೇಲೂ ಬೋಲ್ಟಿನ ತುದಿಗೆ ಸೇರಿಸಿ ಹಳದಿ ಗೆರೆ ಎಳೆದಿದ್ದೇವೆ. ನಟ್ಟು ಸಡಿಲಾದರೆ ಗೆರೆ ತುಂಡಾಗುತ್ತದೆ, ಪಾನಾ ಹಿಡಿಯದೆಯೇ ಕಾಣುತ್ತದೆ.

ಒಂದು ಮಳೆಗಾಲ ಕಳೆದ ಮೇಲೆ

ಅಕ್ಟೋಬರ್‌ನಲ್ಲಿ ಮತ್ತೆ ಹೋಗಿ ಬುಡದಿಂದ ತುದಿವರೆಗೆ ನೋಡಿದೆವು. ಜಿಂಕ್ ಬಣ್ಣ ಮಂಕಾಗಿದೆ, ಅದು ಆಗಬೇಕಾದ್ದೇ. ಕೆಂಪು ಎಲ್ಲೂ ಇಲ್ಲ. ಗೆರೆ ತುಂಡಾದ ನಟ್ಟು ರಾಟೆಯ ಬ್ರಾಕೆಟ್ಟಿನಲ್ಲಿ ಸಿಕ್ಕಿತು, ದಿನಾ ಎಳೆದಾಟ ಇರುವ ಜಾಗ. ಅಲ್ಲಿಗೆ ಎರಡನೇ ಲಾಕ್ ನಟ್ಟು ಹಾಕಿದೆವು.

ನವೆಂಬರ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ತೊಳೆಯುವ ಕೆಲಸವನ್ನು ಆಪರೇಟರ್ ತಾವೇ ವಹಿಸಿಕೊಂಡಿದ್ದಾರೆ. ಮೇಲಿನಿಂದ ಅಲ್ಲ, ಅಡಿಯಿಂದ, ಮಳೆ ತಾಗದ ಮುಖಗಳಿಗೆ. ಅದಕ್ಕಾಗಿ ನಗರಸಭೆ ನೀರಿನ ಲೈನಿಂದ ಒಂದು ನಲ್ಲಿಯನ್ನು ಲ್ಯಾಂಡಿಂಗಿನ ಅಡಿಗೇ ಎಳೆದುಕೊಡಲು ಮಾಲೀಕರಿಗೆ ಹೇಳಿದೆವು. ಬೋರಿನ ನಲ್ಲಿ ಹತ್ತಿರ ಇದ್ದರೆ ಯಾರಾದರೂ ಅದನ್ನೇ ತಿರುಗಿಸುತ್ತಾರೆ. ಹಾಗಾಗಿ ಆ ಕಡೆಯ ಬೋರಿನ ನಲ್ಲಿಯನ್ನು ತೆಗೆದು ಪ್ಲಗ್ ಹಾಕಿದೆವು.

ಸರಿಯಾಗದೆ ಉಳಿದದ್ದು ಒಂದಿದೆ. ಕಂಡೆನ್ಸರಿನ ಉತ್ತರದ ಬದಿಯಲ್ಲಿ ಮೇಲಿನ ತೊಟ್ಟಿಯ ನೀರು ಉಕ್ಕಿ ಸೀದಾ ಗ್ರೇಟಿಂಗ್ ಮೇಲೆ ಬೀಳುತ್ತದೆ. ಮರಳಿನ ಹರಳಿದ್ದರೂ ಅಲ್ಲಿ ಹಸಿರು ಪಾಚಿ ಕಟ್ಟಿದೆ. ಈಗ ಗಟ್ಟಿ ಬ್ರಶ್ಶಿನಿಂದ ಉಜ್ಜುತ್ತಿದ್ದಾರೆ. ತೊಟ್ಟಿಯ ಅಂಚಿಗೆ ನೀರು ಹರಿಯುವ ಫೈಬರಿನ ಕಾಲುವೆ ಕೂರಿಸಿ ಉಕ್ಕುವ ನೀರನ್ನು ಕೆಳಗಿನ ಟ್ಯಾಂಕಿಗೆ ಇಳಿಸಬೇಕು. ಅಳತೆ ತಂದಿದ್ದೇವೆ. ಪ್ಲಾಂಟ್ ನಿಲ್ಲುವುದು ಮುಂದಿನ ಜೂನ್ 1ಕ್ಕೆ, ಆ ವಾರವೇ ಹಾಕುತ್ತೇವೆ.